ಓದುಕೋಣೆಗೆ ಹೆಬ್ಬಾಗಿಲು: ಹಳೆಯ ಕಂಪ್ಯೂಟರಿನಲ್ಲಿ ನ್ಯಾಟ್ ಗೇಟ್‌ವೇ ಕಟ್ಟಿದ ದಾಖಲೆ

ಮಂಡ್ಯದ ಅಶೋಕನಗರದಲ್ಲಿರುವ ನಮ್ಮ ಮನೆಯ ಮುಂದಿನ ಎರಡು ಕೋಣೆಗಳು ನಾಲ್ಕು ವರ್ಷಗಳಿಂದ ಓದುಕೋಣೆಗಳಾಗಿವೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಹುಡುಗ ಹುಡುಗಿಯರು ಮದ್ದೂರು, ಪಾಂಡವಪುರ, ಕೆರಗೋಡು ಕಡೆಗಳಿಂದ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಇಲ್ಲಿ ಕುಳಿತು ಓದುತ್ತಾರೆ. ಎಂಟು ಹಳೆಯ ಕಂಪ್ಯೂಟರುಗಳು, ಒಂದು ಪ್ರಿಂಟರ್, ಬಂದವರೆಲ್ಲರ ಮೊಬೈಲುಗಳು, ಇಷ್ಟೂ ಸೇವಾದಾತರು ಗೋಡೆಗೆ ಹೊಡೆದು ಹೋದ ಒಂದೇ ಫೈಬರ್ ಪೆಟ್ಟಿಗೆಯನ್ನು ನಂಬಿಕೊಂಡಿದ್ದವು. ಸಂಜೆ ಏಳರ ಹೊತ್ತಿಗೆ ಇಪ್ಪತ್ತೈದು, ಮೂವತ್ತು ಸಾಧನಗಳು ಸೇರಿದವೆಂದರೆ ಆ ಪೆಟ್ಟಿಗೆಯ ದೀಪಗಳು ಉರಿಯುತ್ತಲೇ ಇರುತ್ತಿದ್ದವು, ಪುಟಗಳು ಮಾತ್ರ ತೆರೆಯುತ್ತಿರಲಿಲ್ಲ. ಆರಿಸಿ ಹಾಕಿದರೆ ಇನ್ನೊಂದು ಗಂಟೆ ನಡೆಯುತ್ತಿತ್ತು. ಮೇ ತಿಂಗಳ ಕೊನೆಯ ವಾರದಲ್ಲಿ, ಒಂದು ನೇಮಕಾತಿಯ ಅರ್ಜಿ ಸಲ್ಲಿಸಲು ಕಡೆಯ ದಿನ, ಒಬ್ಬ ಹುಡುಗಿ ಶುಲ್ಕ ಕಟ್ಟುವ ಪುಟದಲ್ಲಿ ಮೂರು ಸಲ ಸಿಕ್ಕಿಕೊಂಡು, ಕೊನೆಗೆ ನನ್ನ ಮೊಬೈಲಿನ ಸಂಪರ್ಕ ಪಡೆದು ರಾತ್ರಿ 11.40ಕ್ಕೆ ಅರ್ಜಿ ತಲುಪಿಸಿದಳು. ಇಪ್ಪತ್ತು ನಿಮಿಷ ತಡವಾಗಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು. ಮಾರನೆಯ ಬೆಳಿಗ್ಗೆಯೇ, ಒಳಗಿನ ಸಾಧನಗಳೆಲ್ಲ ಒಂದೇ ಹೊರವಿಳಾಸದಿಂದ ಅಂತರ್ಜಾಲಕ್ಕೆ ಹೋಗುವಂತೆ ವಿಳಾಸ ಬದಲಿಸುವ ಕೆಲಸವನ್ನು, ಅಂದರೆ ನ್ಯಾಟ್ ಅನ್ನು, ಆ ಪೆಟ್ಟಿಗೆಯಿಂದ ಬಿಡಿಸಿ, ಒಳಜಾಲಕ್ಕೂ ಅಂತರ್ಜಾಲಕ್ಕೂ ನಡುವೆ ಹೆಬ್ಬಾಗಿಲಾಗಿ (ಗೇಟ್‌ವೇ) ನಿಲ್ಲುವ ನಮ್ಮದೇ ಒಂದು ಲಿನಕ್ಸ್ ಯಂತ್ರಕ್ಕೆ ವಹಿಸಬೇಕೆಂದು ತೀರ್ಮಾನಿಸಿದೆ. ಅದನ್ನು ಮಾಡಿದ ಕ್ರಮವನ್ನೂ ಮಾಡಿದ ತಪ್ಪುಗಳನ್ನೂ ನಡೆದ ಹಾಗೆಯೇ ಇಲ್ಲಿ ಬರೆದಿಟ್ಟಿದ್ದೇನೆ.

ಜೂನ್ 7, 2025, ಶನಿವಾರ: ಯಂತ್ರ

ಮೈಸೂರಿನಲ್ಲಿ ಹಳೆಯ ಕಂಪ್ಯೂಟರ್ ಮಾರುವ ಒಂದು ಅಂಗಡಿಯಿಂದ ಕೋರ್ 2 ಡ್ಯುಯೋ ಯಂತ್ರವೊಂದನ್ನು 2,800 ರೂಪಾಯಿಗೆ ತಂದೆ. ಅದರಲ್ಲಿ 2 ಜಿಬಿ ಮೆಮೊರಿಯಿದೆ. ಗೇಟ್‌ವೇ ಕೆಲಸಕ್ಕೆ ಅಷ್ಟು ಧಾರಾಳವಾಗಿ ಸಾಕು. ಹಾರ್ಡ್ ಡಿಸ್ಕ್ ಕರಕರ ಸದ್ದು ಮಾಡುತ್ತಿದ್ದುದರಿಂದ ಅದನ್ನು ಕಳಚಿ 120 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ಅದಕ್ಕೆ 1,150 ರೂಪಾಯಿ. ಫ್ಯಾನಿನ ಧೂಳು ತೆಗೆದು, ಪ್ರೊಸೆಸರಿನ ಮೇಲೆ ಒಣಗಿ ಸುಣ್ಣದಂತಾಗಿದ್ದ ಹಳೆಯ ಪೇಸ್ಟನ್ನು ಒರೆಸಿ ಹೊಸದನ್ನು ಸವರಿದೆ.

ಯಂತ್ರ ಹೊತ್ತಿಸಿದಾಗ ದಿನಾಂಕ 2009ನೆಯ ಇಸವಿಯನ್ನು ತೋರಿಸುತ್ತಿತ್ತು. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಿತ್ತು. ಇದನ್ನು ಸಣ್ಣ ವಿಷಯವೆಂದು ಬಿಟ್ಟಿದ್ದರೆ ಎರಡು ತೊಂದರೆಗಳಾಗುತ್ತಿದ್ದವು. ಗಡಿಯಾರ ಹಿಂದಿದ್ದರೆ, ನಾನು ಹಾಕಲಿದ್ದ ಡೆಬಿಯನ್ ಎಂಬ ಲಿನಕ್ಸ್ ತನ್ನ ಪ್ಯಾಕೇಜ್ ಪಟ್ಟಿಯನ್ನು ‘ಇನ್ನೂ ಊರ್ಜಿತವಾಗಿಲ್ಲ’ ಎಂದು ತಿರಸ್ಕರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಏಳಬೇಕೆಂದು ಬಯಾಸ್‌ನಲ್ಲಿ (ಯಂತ್ರದ ಆರಂಭದ ಹೊಂದಿಕೆಗಳಲ್ಲಿ) ಮಾಡಿದ ಆಯ್ಕೆಯೇ ಅಳಿಸಿಹೋಗುತ್ತದೆ. 40 ರೂಪಾಯಿಯ ಸಿಆರ್ 2032 ಬ್ಯಾಟರಿ ಹಾಕಿ, ಆ ಆಯ್ಕೆಯನ್ನು ಆನ್ ಮಾಡಿ, ಕೀಬೋರ್ಡ್ ಇಲ್ಲದಿದ್ದರೂ ನಿಲ್ಲದೆ ಮುಂದುವರಿಯುವಂತೆ ಹೊಂದಿಸಿದೆ. ಆ ರಾತ್ರಿ ಡೆಬಿಯನ್ 12 ಅನ್ನು ಡೆಸ್ಕ್‌ಟಾಪ್ ಇಲ್ಲದೆ ಅನುಸ್ಥಾಪಿಸಿದೆ. ಎರಡನೆಯ ಈಥರ್ನೆಟ್ ಕಾರ್ಡು ಆ ದಿನ ಅಂಗಡಿಯಲ್ಲಿ ಇರಲಿಲ್ಲ, ನಾಳೆ ಕೊಡುವುದಾಗಿ ಹೇಳಿದ್ದರು. ಕಾರ್ಡು ಬರುವವರೆಗೆ ಕಾಯದೆ ಅನುಸ್ಥಾಪನೆ ಮುಗಿಸಿದ್ದು ನನ್ನ ಮೊದಲ ತಪ್ಪು.

ಜೂನ್ 8, ಭಾನುವಾರ: ಹೆಸರು ಬದಲಾದ ಬಾಗಿಲುಗಳು

ಬೆಳಿಗ್ಗೆ ಪಿಸಿಐ ಎಕ್ಸ್‌ಪ್ರೆಸ್ ಗಿಗಾಬಿಟ್ ಕಾರ್ಡ್ ಬಂತು, 650 ರೂಪಾಯಿ. ಅದನ್ನು ಸಿಕ್ಕಿಸಿ ಯಂತ್ರ ಹೊತ್ತಿಸಿದರೆ ನಿನ್ನೆ ಕೆಲಸ ಮಾಡುತ್ತಿದ್ದ ಸಂಪರ್ಕವೂ ಇಲ್ಲ. ಕೇಬಲ್ ತೆಗೆದು ಹಾಕಿದೆ, ಇನ್ನೊಂದು ಕೇಬಲ್ ಹಾಕಿದೆ, ಕಾರ್ಡು ಕೆಟ್ಟಿರಬಹುದೆಂದು ಅಂಗಡಿಗೂ ಫೋನ್ ಮಾಡಿದೆ. ಒಂದು ಗಂಟೆಯ ನಂತರ ಇಂಟರ್‌ಫೇಸುಗಳ (ಜಾಲದ ಪೋರ್ಟುಗಳ) ಮ್ಯಾಕ್ ವಿಳಾಸಗಳನ್ನು, ಅಂದರೆ ಅವುಗಳ ಹುಟ್ಟುಗುರುತುಗಳನ್ನು, ಚೀಟಿಯಲ್ಲಿ ಬರೆದುಕೊಂಡು ನೋಡಿದಾಗ ಕಾರಣ ಸಿಕ್ಕಿತು. ಲಿನಕ್ಸ್ ಈಗ ಇಂಟರ್‌ಫೇಸಿಗೆ ಹೆಸರಿಡುವುದು ಅದು ಯಾವ ಬಸ್ಸಿನಲ್ಲಿ (ಮದರ್‌ಬೋರ್ಡಿನ ಒಳದಾರಿಯಲ್ಲಿ), ಯಾವ ಸ್ಥಾನದಲ್ಲಿ ಕುಳಿತಿದೆ ಎಂಬುದರ ಮೇಲೆ. ಹೊಸ ಕಾರ್ಡು ನಡುವೆ ಬಂದು ಕುಳಿತದ್ದರಿಂದ ಬಸ್ಸುಗಳ ಎಣಿಕೆ ಒಂದು ಮುಂದೆ ಸರಿದು, ನಿನ್ನೆ ಇಎನ್‌ಪಿ2ಎಸ್0 ಆಗಿದ್ದ ಒಳಗಿನ ಪೋರ್ಟು ಇಂದು ಇಎನ್‌ಪಿ3ಎಸ್0 ಆಗಿತ್ತು. ಹಳೆಯ ಹೆಸರು ಹೊಸ ಕಾರ್ಡಿನ ಪಾಲಾಗಿತ್ತು. ನನ್ನ ಸಂರಚನಾ ಕಡತದಲ್ಲಿ ಹಳೆಯ ಹೆಸರೇ ಇತ್ತು.

ಇಂಥದ್ದು ಮತ್ತೆ ಆಗಬಾರದೆಂದು ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಲಿಂಕ್ ಕಡತಗಳು ಎರಡನ್ನು ಬರೆದು, ಮ್ಯಾಕ್ ವಿಳಾಸವನ್ನು ಆಧಾರವಾಗಿಟ್ಟು ನಾನೇ ಹೆಸರಿಟ್ಟೆ. ಹೊರಗೆ ಹೋಗುವ ಪೋರ್ಟು ವ್ಯಾನ್0, ಒಳಗಿನದು ಲ್ಯಾನ್0. ಡಬ್ಬಿಯ ಹಿಂಭಾಗದಲ್ಲಿಯೂ ಮಾರ್ಕರ್ ಪೆನ್ನಿನಿಂದ ‘ಹೊರಗೆ’, ‘ಒಳಗೆ’ ಎಂದು ಬರೆದೆ. ಗೇಟ್‌ವೇ ಕಟ್ಟುವವರು ಮೊದಲು ಮಾಡಬೇಕಾದ ಕೆಲಸ ಇದೇ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ಮುಂದೆ ಬರೆಯುವ ಪ್ರತಿಯೊಂದು ನಿಯಮವೂ ಈ ಹೆಸರುಗಳ ಮೇಲೆಯೇ ನಿಲ್ಲುತ್ತದೆ.

ಮಧ್ಯಾಹ್ನ ಕೇಬಲ್ ಎಳೆದೆವು. ಓದುವ ಹುಡುಗರಲ್ಲಿ ಇಬ್ಬರು ಏಣಿ ಹಿಡಿದು ಜೊತೆಗೆ ನಿಂತರು. ಎಂಟು ತುದಿಗಳನ್ನು ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಎಂಬ ಕ್ರಮದಲ್ಲಿ ಜೋಡಿಸಿ ಕನೆಕ್ಟರ್ ಒತ್ತಿದ್ದಾಯಿತು. ಗೇಟ್‌ವೇಯಿಂದ ಸ್ವಿಚ್ಚಿಗೆ (ಎಲ್ಲ ಕಂಪ್ಯೂಟರುಗಳ ಕೇಬಲ್ ಸೇರುವ ಡಬ್ಬಿಗೆ) ಹೋಗುವ ಕೇಬಲ್ ಮಾತ್ರ 1000ಕ್ಕೆ ಬದಲು 100 ಮೆಗಾಬಿಟ್ ವೇಗವನ್ನೇ ತೋರಿಸುತ್ತಿತ್ತು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ತಂತಿ ಕೊನೆಯವರೆಗೆ ತಲುಪದೆ ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ನೂರು ಮೆಗಾಬಿಟ್ಟಿಗೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು; ಹಾಗಾಗಿ ದೀಪ ಉರಿಯುತ್ತದೆ, ವೇಗ ಬರುವುದಿಲ್ಲ. ಆ ತುದಿಯನ್ನು ಕತ್ತರಿಸಿ ಮತ್ತೆ ಒತ್ತಿದೆ.

ಸಂಜೆ ನ್ಯಾಟ್. ಮೊದಲು ಕರ್ನೆಲ್ಲಿನ (ಲಿನಕ್ಸಿನ ತಿರುಳಿನ) ಐಪಿ ಫಾರ್ವರ್ಡ್ ಎಂಬ ಗುಂಡಿಯನ್ನು 1 ಮಾಡಿದೆ. ಅದು 0 ಇರುವವರೆಗೆ ಯಂತ್ರ ತನಗೆ ಬಂದ ಪ್ಯಾಕೆಟ್‌ಗಳನ್ನು (ಮಾಹಿತಿಯ ತುಂಡುಗಳನ್ನು) ಮಾತ್ರ ತೆಗೆದುಕೊಂಡು ಉಳಿದವನ್ನು ಬಿಸಾಡುತ್ತದೆ. ಆಮೇಲೆ ಪ್ಯಾಕೆಟ್‌ಗಳಿಗೆ ನಿಯಮ ಹಾಕುವ ಎನ್‌ಎಫ್‌ಟೇಬಲ್ಸ್‌ನ ಕಡತ. ಅದರಲ್ಲಿ ನ್ಯಾಟ್ ಎಂಬ ಟೇಬಲ್, ಅದರೊಳಗೆ ಪೋಸ್ಟ್‌ರೌಟಿಂಗ್ ಸರಪಳಿ (ಪ್ಯಾಕೆಟ್ ಹೊರಡುವ ಕೊನೆಯ ಕ್ಷಣದ ನಿಯಮಗಳ ಸಾಲು), ಸರಪಳಿಯಲ್ಲಿ ಒಂದೇ ಒಂದು ನಿಯಮ: ವ್ಯಾನ್0 ಮೂಲಕ ಹೊರಡುವ ಎಲ್ಲವನ್ನೂ ಮಾಸ್ಕರೇಡ್ ಮಾಡು. ಅಂದರೆ ಒಳಗಿನ ಯಂತ್ರದ ವಿಳಾಸವನ್ನು ಅಳಿಸಿ ಗೇಟ್‌ವೇಯ ವಿಳಾಸ ಬರೆದು ಕಳಿಸು, ಉತ್ತರ ಬಂದಾಗ ಲೆಕ್ಕದ ಪುಸ್ತಕ ನೋಡಿ ಸರಿಯಾದವರಿಗೆ ಮುಟ್ಟಿಸು. ಸ್ಥಿರ ವಿಳಾಸವಿದ್ದವರಿಗೆ, ಆ ವಿಳಾಸವನ್ನು ನಿಯಮದಲ್ಲೇ ಬರೆದಿಡುವ ಎಸ್‌ನ್ಯಾಟ್ ಸಾಕು. ನಮ್ಮ ಹೊರವಿಳಾಸ ಪ್ರತಿ ಸಂಪರ್ಕಕ್ಕೂ ಬದಲಾಗುವುದರಿಂದ ಮಾಸ್ಕರೇಡೇ ಸರಿ.

ನಿಯಮ ಸರಿಯಾಗಿಯೇ ಇತ್ತು, ಆದರೂ ಒಂದು ಪುಟವೂ ತೆರೆಯಲಿಲ್ಲ. ಕಾರಣ, ಒಳಗಿನ ಜಾಲಕ್ಕೆ ನಾನು ಅಭ್ಯಾಸಬಲದಿಂದ 192.168.1.0 ಎಂಬ ಸಾಲನ್ನೇ ಕೊಟ್ಟಿದ್ದೆ, ಸೇವಾದಾತರ ಪೆಟ್ಟಿಗೆಯೂ ಅದೇ ಸಾಲಿನಲ್ಲಿತ್ತು. ಎರಡೂ ಬಾಗಿಲಿನಾಚೆ ಒಂದೇ ಹೆಸರಿನ ಬೀದಿಯಿದ್ದರೆ ಯಂತ್ರ ಎತ್ತ ಹೋಗಬೇಕು? 1996ರ ಆರ್‌ಎಫ್‌ಸಿ 1918 ಎಂಬ ಅಂತರ್ಜಾಲದ ನಿಯಮಪತ್ರ ಖಾಸಗಿ ಬಳಕೆಗೆಂದು ಮೂರು ದೊಡ್ಡ ವಿಳಾಸಗುಂಪುಗಳನ್ನು ಬಿಟ್ಟುಕೊಟ್ಟಿದೆ, 192.168 ಎಂಬ ಒಂದರಲ್ಲಿಯೇ 65,536 ವಿಳಾಸಗಳಿವೆ. ಅಷ್ಟು ಜಾಗವಿರುವಾಗ ಎಲ್ಲರೂ ನಿಂತ ಕಡೆಯೇ ನಿಲ್ಲಬೇಕಾಗಿರಲಿಲ್ಲ. ಒಳಗಿನ ಸಾಲನ್ನು 192.168.50.0 ಎಂದು ಬದಲಿಸಿ, ಗೇಟ್‌ವೇಗೆ 192.168.50.1 ಕೊಟ್ಟು, ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶದ ಮೂಲಕ 50ರಿಂದ 200ರವರೆಗಿನ ವಿಳಾಸಗಳನ್ನು ಹನ್ನೆರಡು ಗಂಟೆಗಳ ಅವಧಿಗೆ ಹಂಚುವಂತೆ ಮಾಡಿದೆ. ರಾತ್ರಿ 9.10ಕ್ಕೆ ಎಂಟೂ ಕಂಪ್ಯೂಟರುಗಳಲ್ಲಿ ಪುಟ ತೆರೆಯಿತು.

ಜೂನ್ 11, ಬುಧವಾರ

ಸಂಜೆ 7.20ಕ್ಕೆ ಮತ್ತೆ ಎಲ್ಲವೂ ನಿಂತಿತು. ಗೇಟ್‌ವೇಯಲ್ಲಿ ಸಂಪರ್ಕಗಳ ಎಣಿಕೆ ನೋಡಿದೆ: 3,870. ಅದರ ಮಿತಿ 65,536. ನಮ್ಮ ಯಂತ್ರಕ್ಕೆ ಅದೊಂದು ಭಾರವೇ ಆಗಿರಲಿಲ್ಲ. ಸೇವಾದಾತರ ಪೆಟ್ಟಿಗೆಯನ್ನು ಆರಿಸಿ ಹಾಕಿದೊಡನೆ ಸರಿಹೋಯಿತು. ನಾನು ಮಾಡಿದ್ದೇನೆಂದರೆ ಒಂದು ನ್ಯಾಟಿನ ಹಿಂದೆ ಇನ್ನೊಂದು ನ್ಯಾಟ್ ನಿಲ್ಲಿಸಿದ್ದು. ಒಳಗಿನ ಮೂವತ್ತು ಸಾಧನಗಳು ಈಗ ಪೆಟ್ಟಿಗೆಯ ಕಣ್ಣಿಗೆ ಒಂದೇ ಸಾಧನವಾಗಿ ಕಂಡರೂ ಸಂಪರ್ಕಗಳ ಸಂಖ್ಯೆ ಒಂದೂ ಕಡಿಮೆಯಾಗಿರಲಿಲ್ಲ. ಅಷ್ಟನ್ನೂ ಅದು ತನ್ನ ಪುಸ್ತಕದಲ್ಲಿ ಮೊದಲಿನಂತೆಯೇ ಬರೆದುಕೊಳ್ಳಬೇಕಾಗಿತ್ತು. ಅರ್ಧ ಕೆಲಸದಿಂದ ಇಲ್ಲಿ ಏನೂ ಪ್ರಯೋಜನವಿಲ್ಲ. ಪೆಟ್ಟಿಗೆ ಬರಿಯ ಬೆಳಕನ್ನು ವಿದ್ಯುತ್ತಾಗಿ ಮಾಡಿಕೊಡಬೇಕು, ಉಳಿದದ್ದೆಲ್ಲ ಗೇಟ್‌ವೇ ನೋಡಿಕೊಳ್ಳಬೇಕು. ಬ್ರಿಜ್ ಮೋಡ್‌ಗೆ ಬದಲಿಸಿಕೊಡಿರೆಂದು ಸೇವಾದಾತರನ್ನು ಕೇಳಿದೆ. ಸೇವಾದಾತರ ಜಾಲಕ್ಕೆ ಗುರುತು ಹೇಳಿ ಸಂಪರ್ಕ ಪಡೆಯುವ ಪಿಪಿಪಿಒಇ ಎಂಬ ವಿಧಾನಕ್ಕೆ ಬೇಕಾದ ಬಳಕೆದಾರ ಹೆಸರು ಮತ್ತು ಗುಪ್ತಪದವನ್ನೂ ಬರೆಸಿಕೊಂಡೆ.

ಜೂನ್ 14, ಶನಿವಾರ: ಬ್ರಿಜ್ ಮೋಡ್ ಮತ್ತು ಪಿಪಿಪಿ0

ತಂತ್ರಜ್ಞರು ಬೆಳಿಗ್ಗೆ ಬಂದು ಹತ್ತು ನಿಮಿಷದಲ್ಲಿ ಪೆಟ್ಟಿಗೆಯನ್ನು ಬ್ರಿಜ್ ಮಾಡಿಕೊಟ್ಟರು. ಗೇಟ್‌ವೇಯಲ್ಲಿ ಪಿಪಿಪಿಒಇಗೆ ಬೇಕಾದ ಸಂರಚನೆಯನ್ನು ಕೈಯಿಂದಲೇ ಬರೆದೆ. ಸಂಪರ್ಕ ಏರ್ಪಟ್ಟಿತು, ಪಿಪಿಪಿ0 ಎಂಬ ಹೊಸ ಇಂಟರ್‌ಫೇಸ್ ಹುಟ್ಟಿತು, ಗೇಟ್‌ವೇಯಿಂದ ಹೊರಗೆ ಪಿಂಗ್ (ಸಂಪರ್ಕವಿದೆಯೇ ಎಂದು ನೋಡುವ ಸಣ್ಣ ಕರೆ) ಹೋಗಿ ಬಂತು. ಒಳಗಿನ ಕಂಪ್ಯೂಟರುಗಳಿಗೆ ಮಾತ್ರ ಏನೂ ಸಿಗಲಿಲ್ಲ.

ಇಂಥ ಹೊತ್ತಿನಲ್ಲಿ ಊಹೆಗೆ ಕೈ ಹಾಕದೆ ನೇರವಾಗಿ ಪ್ಯಾಕೆಟ್ ನೋಡುವುದು ಲೇಸು. ಹಾದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಅನ್ನು ಪಿಪಿಪಿ0 ಮೇಲೆ ಇಟ್ಟು, ಒಳಗಿನ ಒಂದು ಕಂಪ್ಯೂಟರಿನಿಂದ ಪಿಂಗ್ ಮಾಡಲು ಹೇಳಿದೆ. ಪರದೆಯ ಮೇಲೆ ಸಾಲು ಸಾಲಾಗಿ ಮೂಡಿದ್ದು 192.168.50.63 ಎಂಬ ಮೂಲವಿಳಾಸ. ಮನೆಯೊಳಗಿನ ಖಾಸಗಿ ವಿಳಾಸ ಹಾಗೇ ಬೀದಿಗೆ ಇಳಿದಿತ್ತು, ಅದಕ್ಕೆ ಉತ್ತರ ಬರುವ ಮಾತೇ ಇಲ್ಲ. ನನ್ನ ಮಾಸ್ಕರೇಡ್ ನಿಯಮದಲ್ಲಿ ಹೊರಬಾಗಿಲಿನ ಹೆಸರು ಇನ್ನೂ ವ್ಯಾನ್0 ಎಂದೇ ಇತ್ತು. ಪಿಪಿಪಿಒಇ ಇದ್ದಲ್ಲಿ ತಂತಿ ಸಿಕ್ಕಿಸಿದ ಪೋರ್ಟು ಬರಿಯ ದಾರಿ. ಪ್ಯಾಕೆಟ್ ನಿಜವಾಗಿ ಹೊರಡುವುದು ಪಿಪಿಪಿ0 ಮೂಲಕ. ನಿಯಮದಲ್ಲಿ ಆ ಹೆಸರನ್ನು ಬರೆದೊಡನೆ ಪುಟಗಳು ತೆರೆಯತೊಡಗಿದವು. ಬದಲಿಸುವ ಆತುರದಲ್ಲಿ ಆ ಸಾಲಿನ ಆರಂಭದಲ್ಲಿದ್ದ ‘ಓಐಎಫ್‌ನೇಮ್’ ಎಂಬುದನ್ನು ‘ಓಐಎಫ್’ ಎಂದು ಚಿಕ್ಕದಾಗಿ ಬರೆದೆ. ಆಗ ಎರಡೂ ಒಂದೇ ಎಂದು ಭಾವಿಸಿದ್ದೆ. ಅದರ ಬೆಲೆ ಮೂರು ದಿನದ ನಂತರ ತಿಳಿಯಿತು.

ನಮಗೆ ಸಿಕ್ಕ ಹೊರವಿಳಾಸ 100.64.0.0ಯಿಂದ 100.127.255.255ರ ನಡುವಿನದು. ಈ ಗುಂಪನ್ನು 2012ರಲ್ಲಿ ಆರ್‌ಎಫ್‌ಸಿ 6598 ಸೇವಾದಾತರ ಒಳಬಳಕೆಗೆಂದೇ ಮೀಸಲಿಟ್ಟಿತು. ಅಂದರೆ ನಮ್ಮ ಮೇಲೆ ಅವರದೂ ಒಂದು ನ್ಯಾಟ್ ಇದೆ, ಹೊರಗಿನಿಂದ ಒಳಗೆ ಪೋರ್ಟ್ ತೆರೆದುಕೊಡುವುದು ಸಾಧ್ಯವಿಲ್ಲ. ಓದುಕೋಣೆಗೆ ಅದರ ಅಗತ್ಯವಿಲ್ಲದ್ದರಿಂದ ಆ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಜೂನ್ 15, ಭಾನುವಾರ: ಅರ್ಧ ತೆರೆಯುವ ಪುಟಗಳು

ಈ ದಿನದ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಪಿಪಿಪಿಒಇ ಮೇಲೆ ನ್ಯಾಟ್ ಮಾಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಇಲ್ಲಿ ಎಡವುತ್ತಾರೆ, ಮತ್ತು ತೊಂದರೆ ಹೊರಗಿನ ತಾಣದ್ದೆಂದು ತಿಳಿದು ಸುಮ್ಮನಾಗುತ್ತಾರೆ.

ಬೆಳಿಗ್ಗೆ ಒಬ್ಬ ಹುಡುಗ ಬಂದು, ಹುಡುಕಾಟದ ಪುಟ ಚೆನ್ನಾಗಿ ಬರುತ್ತದೆ, ಹಾಲ್ ಟಿಕೆಟ್ ಪಡೆಯುವ ತಾಣ ಮಾತ್ರ ಸುತ್ತುತ್ತಲೇ ಇರುತ್ತದೆ ಎಂದ. ಇನ್ನೊಬ್ಬಳಿಗೆ ಬ್ಯಾಂಕಿನ ಪುಟ ಬರುತ್ತಿರಲಿಲ್ಲ. ಅದೇ ತಾಣಗಳನ್ನು ಗೇಟ್‌ವೇಯಿಂದಲೇ ಕರೆದು ನೋಡಿದರೆ ಒಂದು ಸೆಕೆಂಡಿನಲ್ಲಿ ಬಂದವು. ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕಾರಣವಿರಬಹುದೆಂದು ಅದನ್ನು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಬ್ರೌಸರಿನ ಸಂಗ್ರಹ ಅಳಿಸಿದೆ, ಆಗಲಿಲ್ಲ. ಆಮೇಲೆ ಟಿಸಿಪಿಡಂಪ್ ಅನ್ನು ಮತ್ತೆ ತೆರೆದು ಕುಳಿತೆ. ಒಳಗಿನಿಂದ ಸಿನ್ (ಸಂಪರ್ಕ ಕೋರುವ ಮೊದಲ ಪ್ಯಾಕೆಟ್) ಹೋಯಿತು, ಆಚೆಯಿಂದ ಒಪ್ಪಿಗೆ ಬಂತು, ಈ ಕಡೆಯ ಮೊದಲ ಮಾತೂ ಹೋಯಿತು. ಆಮೇಲೆ ನಿಶ್ಶಬ್ದ. ಇಪ್ಪತ್ತು ಸೆಕೆಂಡು ಕಾದರೂ ಸರ್ವರಿನ ಕಡೆಯಿಂದ ಬರಬೇಕಾದ ದೊಡ್ಡ ಪ್ಯಾಕೆಟ್‌ಗಳಲ್ಲಿ ಒಂದೂ ತಲುಪಲಿಲ್ಲ. ನಾವು ಕಳಿಸಿದ ಸಿನ್ ಪ್ಯಾಕೆಟ್ಟಿನ ಸಾಲಿನಲ್ಲಿ ಎಂಎಸ್ಎಸ್, ಅಂದರೆ ಒಂದು ತುಂಡಿನ ಗರಿಷ್ಠ ಗಾತ್ರ, 1460 ಎಂದಿತ್ತು.

ಆ ಸಂಖ್ಯೆ ಕಂಡಾಗ ವಿಷಯ ಹೊಳೆಯಿತು. ಈಥರ್ನೆಟ್ಟಿನಲ್ಲಿ ಒಂದು ಪ್ಯಾಕೆಟ್ 1500 ಬೈಟುಗಳಷ್ಟು ಉದ್ದವಿರಬಹುದು. ಪಿಪಿಪಿಒಇ ಅದರಲ್ಲಿ 8 ಬೈಟುಗಳನ್ನು ತನ್ನ ತಲೆಪಟ್ಟಿಗೆ ತೆಗೆದುಕೊಳ್ಳುವುದರಿಂದ ಉಳಿಯುವುದು 1492. ಒಳಗಿನ ಕಂಪ್ಯೂಟರಿಗೆ ಇದು ತಿಳಿಯದು. ಅದು 1500ರಲ್ಲಿ ಎರಡು ತಲೆಪಟ್ಟಿಗಳ 40 ಕಳೆದು, 1460 ಬೈಟುಗಳ ತುಂಡು ಕಳಿಸಬಹುದು ಎಂದು ದೂರದ ಸರ್ವರಿಗೆ ಹೇಳಿಬಿಡುತ್ತದೆ. ಗೇಟ್‌ವೇ ತಾನೇ ಮಾತಾಡುವಾಗ ಪಿಪಿಪಿ0 ಅಳತೆ ನೋಡಿ 1452 ಎನ್ನುತ್ತದೆ, ಅದಕ್ಕೇ ಅಲ್ಲಿ ಎಲ್ಲವೂ ಸರಿಯಾಗಿತ್ತು. ನಮ್ಮ ಕಡೆ ಕಬ್ಬಿನ ಹೊರೆ ಅಳತೆ ಮೀರಿ ಏರಿಸಿದ ಗಾಡಿ ರೈಲ್ವೆ ಕೆಳಸೇತುವೆಯ ಮುಂದೆ ಬಂದು ನಿಲ್ಲುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸೇತುವೆಯ ಬಳಿ ನಿಂತವರು ಹೊರೆ ಇಳಿಸಿ ಕಳಿಸಿರೆಂದು ಗದ್ದೆಗೆ ಹೇಳಿ ಕಳಿಸಿದರೆ ಸರಿ. ಆ ಸುದ್ದಿಯನ್ನು ಒಯ್ಯುವ ಐಸಿಎಂಪಿ ಸಂದೇಶವನ್ನೇ ದಾರಿಯಲ್ಲಿ ಯಾರೋ ತಡೆದಿದ್ದರೆ, ಗದ್ದೆಯಿಂದ ಅಷ್ಟೇ ಎತ್ತರದ ಗಾಡಿಗಳು ಮತ್ತೆ ಮತ್ತೆ ಹೊರಟು ಬರುತ್ತವೆ. ಸಣ್ಣ ಪುಟಗಳು ಬರುತ್ತವೆ, ದೊಡ್ಡವು ಸಾಯುತ್ತವೆ.

ಖಚಿತಪಡಿಸಿಕೊಳ್ಳಲು ಒಳಗಿನ ಒಂದು ಲಿನಕ್ಸ್ ಕಂಪ್ಯೂಟರಿನಿಂದ, ತುಂಡು ಮಾಡಬಾರದೆಂಬ ಗುರುತು ಹಾಕಿ, ಬೇರೆ ಬೇರೆ ಗಾತ್ರದ ಪಿಂಗ್ ಕಳಿಸಿದೆ. 1464 ಬೈಟು ದಾಟಿತು. 1465 ದಾಟಲಿಲ್ಲ, ಮಿತಿ 1492 ಎಂದು ಗೇಟ್‌ವೇಯೇ ಉತ್ತರ ಕೊಟ್ಟಿತು. 1464ಕ್ಕೆ ತಲೆಪಟ್ಟಿಗಳ 28 ಸೇರಿಸಿದರೆ ಸರಿಯಾಗಿ 1492. ಲೆಕ್ಕ ಕೂಡಿತು.

ಪರಿಹಾರ ಒಂದು ಸಾಲಿನದು. ಗೇಟ್‌ವೇಯನ್ನು ದಾಟುವ ಪ್ಯಾಕೆಟ್‌ಗಳಿಗೆಂದಿರುವ ಫಾರ್ವರ್ಡ್ ಸರಪಳಿಯಲ್ಲಿ, ಪಿಪಿಪಿ0 ಕಡೆ ಹೊರಟ ಸಿನ್ ಪ್ಯಾಕೆಟ್‌ಗಳ ಎಂಎಸ್ಎಸ್ ಸಂಖ್ಯೆಯನ್ನು ಆ ದಾರಿಯ ಅಳತೆಗೆ ತಕ್ಕಂತೆ ತಿದ್ದಬೇಕು. ಬರೆದೆ, ಕಡತವನ್ನು ಮತ್ತೆ ಓದಿಸಿದೆ, ಏನೂ ಬದಲಾಗಲಿಲ್ಲ. ಸಿನ್ ಇನ್ನೂ 1460 ಎಂದೇ ಹೋಗುತ್ತಿತ್ತು. ನಲವತ್ತು ನಿಮಿಷ ಆ ಸಾಲಿನ ಒಂದೊಂದು ಪದವನ್ನೂ ತಿದ್ದಿ ನೋಡಿದೆ. ತಪ್ಪು ಸಾಲಿನಲ್ಲಿ ಇರಲಿಲ್ಲ, ಸಾಲಿನ ಜಾಗದಲ್ಲಿತ್ತು. ಅದನ್ನು ಸರಪಳಿಯ ಕೊನೆಗೆ ಬರೆದಿದ್ದೆ. ಅದಕ್ಕಿಂತ ಮೇಲೆ, ಲ್ಯಾನ್0ಯಿಂದ ಪಿಪಿಪಿ0ಗೆ ಹೋಗುವುದೆಲ್ಲವನ್ನೂ ಒಪ್ಪು ಎಂಬ ಸಾಲಿತ್ತು. ಒಪ್ಪಿದ ಪ್ಯಾಕೆಟ್ ಆ ಸರಪಳಿಯಲ್ಲಿ ಮುಂದಕ್ಕೆ ಹೋಗುವುದಿಲ್ಲ, ಅಲ್ಲಿಂದಲೇ ಹೊರಟುಬಿಡುತ್ತದೆ. ತಿದ್ದುವ ಸಾಲನ್ನು ಸರಪಳಿಯ ಮೊದಲ ಸಾಲಾಗಿ ಮಾಡಿದೆ. ಟಿಸಿಪಿಡಂಪ್ 1452 ಎಂದು ತೋರಿಸಿತು. ಹಾಲ್ ಟಿಕೆಟ್ಟಿನ ತಾಣ ತೆರೆಯಿತು, ಆ ಹುಡುಗ ಅಲ್ಲಿಯೇ ನಿಂತು ಮುದ್ರಿಸಿಕೊಂಡು ಹೋದ.

ಡೆಬಿಯನ್ನಿನಲ್ಲಿ ಪಿಪಿಪಿಒಇಕಾನ್ಫ್ ಎಂಬ ಸಲಕರಣೆಯಿದೆ. ಅದನ್ನು ಬಳಸಿದ್ದರೆ ಎಂಎಸ್ಎಸ್ ಅನ್ನು 1452ಕ್ಕೆ ಕಟ್ಟಬೇಕೇ ಎಂದು ಅದೇ ಕೇಳುತ್ತಿತ್ತು. ಕೈಯಿಂದ ಬರೆಯಲು ಹೊರಟವನು ಆ ಪ್ರಶ್ನೆಗಳನ್ನಾದರೂ ಒಮ್ಮೆ ಓದಿಕೊಳ್ಳಬೇಕಾಗಿತ್ತು.

ಜೂನ್ 17, ಮಂಗಳವಾರದಿಂದ ಜೂನ್ 19, ಗುರುವಾರದವರೆಗೆ: ಕರೆಂಟು ಹೋಗಿ ಬಂದಾಗ

ಮಂಗಳವಾರ ಸಂಜೆ ಮಳೆ, ಕರೆಂಟು ಹೋಯಿತು. ಬಂದ ಮೇಲೆ ಯಂತ್ರ ತಾನಾಗಿ ಎದ್ದಿತು, ಪಿಪಿಪಿ0 ಕೂಡ ಬಂತು, ಆದರೆ ಒಳಗೆ ಯಾರಿಗೂ ಅಂತರ್ಜಾಲವಿಲ್ಲ. ನಿಯಮಗಳ ಪಟ್ಟಿ ಕೇಳಿದರೆ ಖಾಲಿ. ಕಡತವನ್ನು ಕೈಯಿಂದ ಓದಿಸಿದೆ, ತಕರಾರಿಲ್ಲದೆ ಎಲ್ಲ ನಿಯಮಗಳೂ ಕುಳಿತವು, ಸಂಪರ್ಕ ಮರಳಿತು. ಸೇವೆಯನ್ನು ಆರಂಭದಲ್ಲಿ ಚಾಲೂ ಮಾಡಲು ಮರೆತಿರಬಹುದೆಂದು ನೋಡಿದೆ. ಅದೂ ಚಾಲೂ ಇತ್ತು. ಏನೋ ಒಮ್ಮೆ ಹೀಗಾಗಿದೆ ಎಂದುಕೊಂಡು ಎದ್ದು ಹೋದೆ. ಇಡೀ ಕೆಲಸದಲ್ಲಿ ನನ್ನ ಅತಿ ದೊಡ್ಡ ತಪ್ಪು ಇದು.

ಬುಧವಾರ ರಾತ್ರಿ 11.40ರ ಸುಮಾರಿಗೆ ಮತ್ತೆ ಕರೆಂಟು ಹೋಗಿ ಎರಡು ನಿಮಿಷದಲ್ಲಿ ಬಂದಿದೆ. ನಾವೆಲ್ಲ ಮಲಗಿದ್ದೆವು. ಗುರುವಾರ ಬೆಳಿಗ್ಗೆ 6.30ಕ್ಕೆ ಓದಲು ಬಂದವರು ಕರೆದಾಗ ಮತ್ತೆ ಅದೇ ಖಾಲಿ ಪಟ್ಟಿ. ಈ ಸಲ ದಿನಚರಿ ಕಡತವನ್ನು ಆರಂಭದಿಂದ ಓದಿದೆ. ಎನ್‌ಎಫ್‌ಟೇಬಲ್ಸ್ ಸೇವೆ ವಿಫಲ, ಕಾರಣ: ಅಂಥ ಇಂಟರ್‌ಫೇಸ್ ಇಲ್ಲ. ಕೆಳಗೆ ನನ್ನ ಮಾಸ್ಕರೇಡ್ ಸಾಲಿನಲ್ಲಿ ಪಿಪಿಪಿ0 ಅಡಿಯಲ್ಲಿ ಗುರುತು.

‘ಓಐಎಫ್’ ಮತ್ತು ‘ಓಐಎಫ್‌ನೇಮ್’ ಒಂದೇ ಅಲ್ಲ. ಮೊದಲನೆಯದು ನಿಯಮ ಓದಿಸುವ ಕ್ಷಣದಲ್ಲಿಯೇ ಇಂಟರ್‌ಫೇಸನ್ನು ಹುಡುಕಿ ಅದರ ಕ್ರಮಸಂಖ್ಯೆಯನ್ನು ಹಿಡಿದುಕೊಳ್ಳುತ್ತದೆ. ಎರಡನೆಯದು ಪ್ಯಾಕೆಟ್ ಹೊರಡುವಾಗ ಹೆಸರನ್ನು ಹೋಲಿಸುತ್ತದೆ. ಯಂತ್ರ ಏಳುವಾಗ ಎನ್‌ಎಫ್‌ಟೇಬಲ್ಸ್ ಜಾಲಕ್ಕಿಂತ ಮೊದಲು ಬರುತ್ತದೆ, ಹಾಗೆ ಬರುವುದೇ ಸರಿ. ಆದರೆ ಆ ಹೊತ್ತಿಗೆ ಪಿಪಿಪಿ0 ಹುಟ್ಟಿಯೇ ಇರುವುದಿಲ್ಲ. ಎನ್‌ಎಫ್‌ಟೇಬಲ್ಸ್ ಕಡತವನ್ನು ಇಡಿಯಾಗಿ ಒಪ್ಪುತ್ತದೆ, ಇಲ್ಲವೇ ಇಡಿಯಾಗಿ ಬಿಡುತ್ತದೆ. ಒಂದು ಸಾಲು ತಪ್ಪಿದ್ದಕ್ಕೆ ನ್ಯಾಟ್ ಮಾತ್ರವಲ್ಲ, ಒಳಬರುವುದನ್ನು ತಡೆಯುವ ಶೋಧಕ ಸರಪಳಿಯೂ ಕುಳಿತಿರಲಿಲ್ಲ. ರಾತ್ರಿ 11.40ರಿಂದ ಬೆಳಿಗ್ಗೆ 6.30ರವರೆಗೆ, ಸುಮಾರು ಏಳು ಗಂಟೆ, ಗೇಟ್‌ವೇಯ ಎಸ್‌ಎಸ್‌ಎಚ್ (ದೂರದಿಂದ ಯಂತ್ರದೊಳಗೆ ಹೋಗಿ ಆಜ್ಞೆ ಕೊಡುವ) ಬಾಗಿಲು ಹೊರಮುಖವಾಗಿ ತೆರೆದಿತ್ತು, ಅದೂ ಗುಪ್ತಪದವೊಂದರ ಕಾವಲಿನಲ್ಲಿ. ಮೇಲೆ ಸೇವಾದಾತರ ನ್ಯಾಟ್ ಇರುವುದರಿಂದ ಜಗತ್ತಿಗೆಲ್ಲ ಅದು ಕಾಣುವುದಿಲ್ಲ ನಿಜ, ಆದರೆ ಆ ಸಮಾಧಾನ ನಾನು ಕಟ್ಟಿದ್ದಲ್ಲ. ಪ್ರವೇಶದ ದಾಖಲೆಯನ್ನು ಸಾಲು ಸಾಲಾಗಿ ನೋಡಿದೆ. ನನ್ನ ಪ್ರವೇಶಗಳ ಹೊರತು ಬೇರೆ ಯತ್ನ ಕಾಣಲಿಲ್ಲ.

ಅದೇ ಬೆಳಿಗ್ಗೆ ಮೂರು ತಿದ್ದುಪಡಿ ಮಾಡಿದೆ. ಎಲ್ಲ ಕಡೆಯೂ ‘ಓಐಎಫ್‌ನೇಮ್’, ‘ಐಐಎಫ್‌ನೇಮ್’ ಎಂದೇ ಬರೆದೆ. ಎಸ್‌ಎಸ್‌ಎಚ್‌ಗೆ ಗುಪ್ತಪದದ ಪ್ರವೇಶವನ್ನು ನಿಲ್ಲಿಸಿ ಕೀಲಿ ಇದ್ದವರಿಗೆ ಮಾತ್ರ ಎಂದು ಮಾಡಿದೆ. ಮೂರನೆಯದು ನನಗೆ ಹೆಚ್ಚು ನೆಮ್ಮದಿ ಕೊಟ್ಟದ್ದು: ಐಪಿ ಫಾರ್ವರ್ಡ್ ಗುಂಡಿಯನ್ನು ಸಾಮಾನ್ಯ ಸಂರಚನೆಯಿಂದ ತೆಗೆದು, ಎನ್‌ಎಫ್‌ಟೇಬಲ್ಸ್ ಸೇವೆ ಯಶಸ್ವಿಯಾದ ಮೇಲೆ ಮಾತ್ರ ಅದು 1 ಆಗುವಂತೆ ಆ ಸೇವೆಗೇ ಕಟ್ಟಿದೆ. ಇನ್ನು ಮುಂದೆ ನಿಯಮಗಳು ಕುಳಿತುಕೊಳ್ಳದಿದ್ದರೆ ಒಂದು ಪ್ಯಾಕೆಟ್ಟೂ ಈಚೆಯಿಂದ ಆಚೆಗೆ ದಾಟುವುದಿಲ್ಲ. ಆಮೇಲೆ ಯಂತ್ರವನ್ನು ಬೇಕೆಂದೇ ಐದು ಸಲ ಮರುಹೊತ್ತಿಸಿ, ಐದು ಸಲವೂ ನಿಯಮಗಳ ಪಟ್ಟಿ ನೋಡಿದೆ.

ಜೂನ್ 22, ಭಾನುವಾರ: ವೈಫೈ

ಮೊಬೈಲುಗಳಿಗೆಂದು ಮನೆಯಲ್ಲಿದ್ದ ಹಳೆಯ ವೈಫೈ ರೂಟರನ್ನು ಸ್ವಿಚ್ಚಿಗೆ ಸೇರಿಸಿದೆ. ಅರ್ಧ ಮೊಬೈಲುಗಳಿಗೆ ಅಂತರ್ಜಾಲ ಬಂತು, ಅರ್ಧಕ್ಕೆ ಬರಲಿಲ್ಲ. ಬಾರದವು 192.168.0 ಸಾಲಿನ ವಿಳಾಸ ಹಿಡಿದಿದ್ದವು. ಹಳೆಯ ರೂಟರ್ ತಾನೂ ವಿಳಾಸ ಹಂಚುತ್ತಿತ್ತು. ಆ ಹಂಚುವ ಸೇವೆಯನ್ನು (ಡಿಎಚ್‌ಸಿಪಿ) ನಿಲ್ಲಿಸಿ, ಅದಕ್ಕೆ 192.168.50.2 ಎಂಬ ಸ್ಥಿರ ವಿಳಾಸ ಕೊಟ್ಟು, ಕೇಬಲ್ ಅದರ ವ್ಯಾನ್ ರಂಧ್ರದಲ್ಲಲ್ಲದೆ ಲ್ಯಾನ್ ರಂಧ್ರದಲ್ಲೇ ಇರುವಂತೆ ನೋಡಿಕೊಂಡ ಮೇಲೆ ಸರಿಹೋಯಿತು.

ಜೂನ್ 29, ಭಾನುವಾರ: ಅಳತೆ, ಖರ್ಚು

ಒಂದು ವಾರ ಸಂಜೆ 7 ಮತ್ತು 8 ಗಂಟೆಗೆ ಸಂಪರ್ಕಗಳ ಎಣಿಕೆ ಬರೆದಿಟ್ಟೆ. ಅತಿ ಹೆಚ್ಚು ಕಂಡದ್ದು ಶುಕ್ರವಾರ, 33 ಸಾಧನಗಳಿಂದ 5,240. ಲಿನಕ್ಸ್ ಒಂದು ಸುಮ್ಮನೆ ಕುಳಿತ ಟಿಸಿಪಿ ಸಂಪರ್ಕವನ್ನು 4,32,000 ಸೆಕೆಂಡು, ಅಂದರೆ ಐದು ದಿನ, ನೆನಪಿಟ್ಟುಕೊಳ್ಳುತ್ತದೆ. ಮೊಬೈಲುಗಳು ಹೇಳದೆ ಎದ್ದು ಹೋಗುವ ಓದುಕೋಣೆಗೆ ಅಷ್ಟು ದೀರ್ಘ ನೆನಪು ಬೇಕಿಲ್ಲ. ಹಾಗೆಂದು ಐದು ನಿಮಿಷಕ್ಕೆ ಇಳಿಸಿದರೆ ಸುಮ್ಮನಿರುವ ಒಳ್ಳೆಯ ಸಂಪರ್ಕಗಳೂ ಕಡಿದುಹೋಗುತ್ತವೆ. 2008ರ ಆರ್‌ಎಫ್‌ಸಿ 5382 ನ್ಯಾಟ್ ಯಂತ್ರಗಳಿಗೆ ಹೇಳುವ ಕನಿಷ್ಠ ಅವಧಿ 2 ಗಂಟೆ 4 ನಿಮಿಷ. ಅದನ್ನೇ ಹಿಡಿದು 7,440 ಸೆಕೆಂಡು ಎಂದು ಇಟ್ಟೆ. ಮಾರನೆಯ ಸಂಜೆಯ ಎಣಿಕೆ 2,910ಕ್ಕೆ ಇಳಿಯಿತು. ಪ್ರೊಸೆಸರಿನ ಬಳಕೆ ನೂರಕ್ಕೆ ಆರನ್ನು ದಾಟಲಿಲ್ಲ.

ಖರ್ಚು: ಯಂತ್ರ 2,800, ಎಸ್‌ಎಸ್‌ಡಿ 1,150, ಕಾರ್ಡು 650, ಬ್ಯಾಟರಿ 40, ಹದಿನಾರು ಪೋರ್ಟುಗಳ ಹಳೆಯ ಸ್ವಿಚ್ಚು 1,400, ಮೀಟರಿಗೆ 20ರಂತೆ ನಲವತ್ತು ಮೀಟರ್ ಕೇಬಲ್ 800, ಕನೆಕ್ಟರುಗಳು 200, ಒಟ್ಟು 7,040 ರೂಪಾಯಿ. ಪ್ಲಗ್ಗಿನ ಮೀಟರಿನಲ್ಲಿ ಯಂತ್ರ ಎಳೆಯುವುದು 38 ವಾಟ್. ದಿನವಿಡೀ ಇಟ್ಟರೆ ತಿಂಗಳಿಗೆ 27 ಯೂನಿಟ್ಟಿಗೂ ಸ್ವಲ್ಪ ಹೆಚ್ಚು. ಇದು ಸಣ್ಣ ಮೊತ್ತವಲ್ಲ. ಹೊಸದಾಗಿ ಮಾಡುವವರಿಗೆ ಕಡಿಮೆ ವಿದ್ಯುತ್ತಿನ ಚಿಕ್ಕ ಯಂತ್ರವನ್ನೇ ಕೊಳ್ಳಿರೆಂದು ಹೇಳುತ್ತೇನೆ. ನಾವು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಆರಿಸುವ ಕ್ರಮ ಇಟ್ಟುಕೊಂಡು ಅದನ್ನು 18 ಯೂನಿಟ್ಟಿನ ಸುತ್ತ ನಿಲ್ಲಿಸಿದ್ದೇವೆ.

ಕೊನೆಯ ಪರೀಕ್ಷೆ ಸಂಜೆ 7.30ಕ್ಕೆ, ಕೋಣೆಗಳು ತುಂಬಿದ್ದಾಗ, ಎಲ್ಲರಿಗೂ ಮೊದಲೇ ಹೇಳಿ ಮಾಡಿದೆ. ಗೇಟ್‌ವೇಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿದೆ. ಯಂತ್ರ ಎದ್ದು, ನಿಯಮಗಳು ಕುಳಿತು, ಪಿಪಿಪಿ0 ಹುಟ್ಟಿ, ಕಿಟಕಿಯ ಪಕ್ಕದ ಕಂಪ್ಯೂಟರಿನಲ್ಲಿ ಪುಟ ತೆರೆಯಲು 1 ನಿಮಿಷ 50 ಸೆಕೆಂಡು ಹಿಡಿಯಿತು. ನಾನು ಯಾವುದನ್ನೂ ಮುಟ್ಟಲಿಲ್ಲ.